ಓಪನ್‌ಟಿಟಿಡಿ: ಅಭಿಮಾನಿಗಳೇ ಉಳಿಸಿ ಬೆಳೆಸಿದ ರೈಲಾಟ

ಓಪನ್‌ಟಿಟಿಡಿ ಎಂಬ ಉಚಿತ ಕಂಪ್ಯೂಟರ್ ಆಟವನ್ನು ನಾನು ಹಲವು ವರ್ಷಗಳಿಂದ ಆಡುತ್ತ ಬಂದಿದ್ದೇನೆ. ಸಾಲ ತಂದು ಒಂದು ಇಂಜಿನ್ ಕೊಂಡು, ಕಲ್ಲಿದ್ದಲ ಗಣಿಯಿಂದ ವಿದ್ಯುತ್ ಸ್ಥಾವರಕ್ಕೆ ಹಳಿ ಹಾಕಿ, ಸರಕು ಸಾಗಿಸಿ ಬಂದ ಹಣದಲ್ಲಿ ಇನ್ನಷ್ಟು ಊರುಗಳನ್ನು ಜೋಡಿಸುತ್ತ ಹೋಗುವುದು ಈ ಆಟದ ತಿರುಳು. ರೈಲಿನ ಜೊತೆಗೆ ಬಸ್ಸು, ಲಾರಿ, ಹಡಗು, ವಿಮಾನಗಳೂ ಇವೆ. ಚಿತ್ರ ಹೇಗಿದೆ, ಸದ್ದು ಹೇಗಿದೆ ಎಂದಷ್ಟೇ ಹೇಳಿ ಇದರ ವಿಮರ್ಶೆಯನ್ನು ಮುಗಿಸಲು ಬರುವುದಿಲ್ಲ. ಇದು ಯಾವ ಕಂಪನಿಯೂ ಕಟ್ಟಿದ ಆಟವಲ್ಲ. ಹಳೆಯ ಆಟವೊಂದನ್ನು ಮನಸಾರೆ ಹಚ್ಚಿಕೊಂಡವರು ಇಂಟರ್ನೆಟ್‌ನಲ್ಲಿ ಒಬ್ಬರಿಗೊಬ್ಬರು ಪರಿಚಯವಾಗಿ, ಬಿಡುವಿನ ವೇಳೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿ ದುಡಿದು ಕಟ್ಟಿದ್ದು. ಆ ದುಡಿಮೆಯ ಕತೆ ತಿಳಿದರೆ ಇದರ ಗುಣವೂ ದೋಷವೂ ಸರಿಯಾಗಿ ಅರ್ಥವಾಗುತ್ತವೆ.

ಮೂಲ ಆಟ ಕ್ರಿಸ್ ಸಾಯರ್ ಅವರದು. ಮೈಕ್ರೋಪ್ರೋಸ್ ಸಂಸ್ಥೆ 1994ರಲ್ಲಿ ಟ್ರಾನ್ಸ್‌ಪೋರ್ಟ್ ಟೈಕೂನ್ ಎಂಬ ಹೆಸರಿನಲ್ಲಿ ಅದನ್ನು ಹೊರತಂದಿತು; ಮರುವರ್ಷ ಬಂದ ಸುಧಾರಿತ ಆವೃತ್ತಿಯೇ ಟ್ರಾನ್ಸ್‌ಪೋರ್ಟ್ ಟೈಕೂನ್ ಡೀಲಕ್ಸ್, ಚಿಕ್ಕದಾಗಿ ಟಿಟಿಡಿ. ಆಟವನ್ನು ಯಂತ್ರದ ಭಾಷೆಗೆ ತೀರ ಹತ್ತಿರವಾದ ಅಸೆಂಬ್ಲಿ ಭಾಷೆಯಲ್ಲಿ ಬರೆದದ್ದರಿಂದ ಅದು ಅಂದಿನ ಸಣ್ಣ ಕಂಪ್ಯೂಟರುಗಳಲ್ಲೂ ಸಲೀಸಾಗಿ ಓಡುತ್ತಿತ್ತು, ಆದರೆ ಅದೇ ಕಾರಣಕ್ಕೆ ಹೊರಗಿನವರಿಗೆ ಅದರೊಳಗೆ ಕೈಯಾಡಿಸುವುದು ಬಹಳ ಕಷ್ಟವಾಗಿತ್ತು. ಅಷ್ಟಾದರೂ ಅಭಿಮಾನಿಗಳು ಸುಮ್ಮನಿರಲಿಲ್ಲ. ಜೋಸೆಫ್ ಡ್ರೆಕ್ಸ್ಲರ್ ಆರಂಭಿಸಿದ ಟಿಟಿಡಿಪ್ಯಾಚ್ ಎಂಬ ತಂತ್ರಾಂಶವು ಆಟ ನಡೆಯುತ್ತಿರುವಾಗಲೇ ಅದರ ಕೋಡನ್ನು ತಿದ್ದಿ, ಹೊಸ ಸಿಗ್ನಲ್, ಹೊಸ ರೈಲು, ಹೊಸ ನಿಯಮಗಳನ್ನು ಸೇರಿಸತೊಡಗಿತು. ಹೊರಗಿನವರು ಚಿತ್ರಿಸಿದ ಇಂಜಿನ್, ಬೋಗಿಗಳನ್ನು ಆಟಕ್ಕೆ ತರುವ ನ್ಯೂಜಿಆರ್‌ಎಫ್ ಎಂಬ ವ್ಯವಸ್ಥೆ ಹುಟ್ಟಿದ್ದೂ ಅಲ್ಲಿಯೇ. ಇಂದಿಗೂ ಅದು ಬಳಕೆಯಲ್ಲಿದೆ.

2003ರಲ್ಲಿ ಸ್ವೀಡನ್ನಿನ ಲುಡ್ವಿಗ್ ಸ್ಟ್ರಿಗೇಯಸ್ ಇಡೀ ಆಟವನ್ನು ಬಿಚ್ಚಿ ನೋಡಿ ಸಿ ಭಾಷೆಯಲ್ಲಿ ಮತ್ತೆ ಬರೆಯಲು ತೊಡಗಿದರು. ಮುಂದೆ ಮ್ಯೂಟೊರೆಂಟ್ ಎಂಬ ಕಡತ ಹಂಚಿಕೆಯ ತಂತ್ರಾಂಶ ಬರೆದು ಹೆಸರಾದವರೂ ಇವರೇ. 2004ರ ಮಾರ್ಚ್‌ನಲ್ಲಿ ಓಪನ್‌ಟಿಟಿಡಿಯ ಮೊದಲ ಆವೃತ್ತಿ ಬಂತು. ಅವರು ಬೇರೆ ಕೆಲಸಗಳತ್ತ ಹೊರಳಿದ ಮೇಲೂ ಯೋಜನೆ ನಿಲ್ಲಲಿಲ್ಲ, ಉಳಿದವರು ಅದನ್ನು ಕೈಗೆತ್ತಿಕೊಂಡರು. ಆದರೂ ಒಂದು ಕೊರತೆ ಉಳಿದಿತ್ತು. ಕೋಡ್ ಹೊಸದಾದರೂ ಚಿತ್ರ ಮತ್ತು ಧ್ವನಿ ಹಳೆಯ ಆಟದವೇ ಆಗಿದ್ದುದರಿಂದ, ಹಳೆಯ ಸಿ.ಡಿ. ಇದ್ದವರು ಮಾತ್ರ ಆಡಬಹುದಾಗಿತ್ತು. ಆಗ ಸಮುದಾಯದ ಚಿತ್ರಕಾರರು ಮರ, ಮನೆ, ಸೇತುವೆ, ಇಂಜಿನ್‌ಗಳ ಪ್ರತಿಯೊಂದು ಕೋನವನ್ನೂ ಸೇರಿಸಿ ಸಾವಿರಾರು ಪುಟ್ಟ ಚಿತ್ರಗಳನ್ನು ಹೊಸದಾಗಿ ಬಿಡಿಸಿದರು. ಅದು ಓಪನ್‌ಜಿಎಫ್‌ಎಕ್ಸ್. ಧ್ವನಿಗೆ ಓಪನ್‌ಎಸ್‌ಎಫ್‌ಎಕ್ಸ್, ಸಂಗೀತಕ್ಕೆ ಓಪನ್‌ಎಂಎಸ್‌ಎಕ್ಸ್ ಸಿದ್ಧವಾದವು. 2010ರ ಏಪ್ರಿಲ್ 1ರಂದು 1.0 ಆವೃತ್ತಿ ಬಂದಾಗ ಆಟ ಪೂರ್ತಿಯಾಗಿ ತನ್ನ ಕಾಲ ಮೇಲೆ ನಿಂತಿತ್ತು. ಒಂದು ಪೈಸೆಯ ಸಂಬಳವಿಲ್ಲದೆ ಒಂದೇ ಇಂಜಿನ್ನನ್ನು ಎಂಟು ದಿಕ್ಕಿನಿಂದ ಬಿಡಿಸಿಟ್ಟವರ ತಾಳ್ಮೆಯನ್ನು ನೆನೆದರೆ ನನಗೆ ಇಂದಿಗೂ ಗೌರವ ಉಕ್ಕಿ ಬರುತ್ತದೆ.

ಆಟವಾಡುವವನಿಗೆ ಈ ಇತಿಹಾಸ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಸಿಗ್ನಲ್‌ಗಳಲ್ಲಿ. ಮೂಲ ಆಟದಲ್ಲಿ ಎರಡು ಸಿಗ್ನಲ್‌ಗಳ ನಡುವಿನ ಹಳಿಯೆಲ್ಲ ಒಂದು ಬ್ಲಾಕ್. ಅದರೊಳಗೆ ಒಮ್ಮೆಗೆ ಒಂದೇ ರೈಲು. ನಾಲ್ಕು ಪ್ಲಾಟ್‌ಫಾರ್ಮ್‌ಗಳ ಒಂದು ನಿಲ್ದಾಣವನ್ನು ಊಹಿಸಿಕೊಳ್ಳಿ. ಹಳಿಗಳೆಲ್ಲ ಕವಲೊಡೆಯುವ ನಿಲ್ದಾಣದ ಬಾಯಲ್ಲಿ, ಒಂದು ರೈಲು ಎಡಗಡೆಯ ಪ್ಲಾಟ್‌ಫಾರ್ಮಿಗೆ ನಿಧಾನವಾಗಿ ಸರಿಯುತ್ತಿದ್ದರೆ, ಬಲಗಡೆಯ ಪ್ಲಾಟ್‌ಫಾರ್ಮಿನಿಂದ ಹೊರಡಬೇಕಾದ ರೈಲು ಅದರ ದಾರಿಗೆ ಎಲ್ಲಿಯೂ ಅಡ್ಡ ಬರದಿದ್ದರೂ ಕೆಂಪು ದೀಪದ ಮುಂದೆ ಕಾಯುತ್ತ ನಿಲ್ಲುತ್ತಿತ್ತು. 2009ರ 0.7 ಆವೃತ್ತಿಯಲ್ಲಿ ಬಂದ ಪಾತ್ ಸಿಗ್ನಲ್ ಇಡೀ ಬ್ಲಾಕನ್ನು ಹಿಡಿದಿಡುವ ಬದಲು ರೈಲು ಹಾದುಹೋಗುವ ಹಳಿಯನ್ನು ಮಾತ್ರ ಕಾಯ್ದಿರಿಸುತ್ತದೆ. ಬೇಕಾದರೆ ಆ ಕಾಯ್ದಿರಿಸಿದ ಹಳಿ ತೆರೆಯ ಮೇಲೆ ಬೇರೆ ಛಾಯೆಯಲ್ಲಿ ಕಾಣುವಂತೆ ಮಾಡಿಕೊಳ್ಳಬಹುದು. ಎರಡು ರೈಲುಗಳು ಒಂದೇ ಜಂಕ್ಷನ್ನಿನಲ್ಲಿ ಅಕ್ಕಪಕ್ಕ ಸರಿದುಹೋಗುವುದನ್ನು ಮೊದಲ ಬಾರಿ ಕಂಡಾಗ ಆದ ಸಂತೋಷವನ್ನು ನಾನು ಮರೆತಿಲ್ಲ.

ಅದೇ ಬಗೆಯ ಇನ್ನೊಂದು ಸುಧಾರಣೆ 2014ರ 1.4 ಆವೃತ್ತಿಯದು. ಅದಕ್ಕೆ ಮೊದಲು ಪ್ರಯಾಣಿಕರಿಗೆ ಹೋಗಬೇಕಾದ ಊರು ಎಂಬುದೇ ಇರಲಿಲ್ಲ. ರೈಲು ಎಲ್ಲಿ ನಿಂತರೆ ಅಲ್ಲಿ ಇಳಿದು ದುಡ್ಡು ಕೊಡುತ್ತಿದ್ದರು. ಕಾರ್ಗೋಡಿಸ್ಟ್ ಎಂಬ ಆಯ್ಕೆಯನ್ನು ಹಾಕಿಕೊಂಡರೆ ಪ್ರತಿ ಪ್ರಯಾಣಿಕನಿಗೂ ಒಂದು ಗಮ್ಯವಿರುತ್ತದೆ, ಅವನು ನಡುವೆ ಇಳಿದು ಬೇರೆ ರೈಲು ಹಿಡಿಯುತ್ತಾನೆ, ನೀವು ಕಟ್ಟಿದ ಜಂಕ್ಷನ್ ನಿಜಕ್ಕೂ ಜಂಕ್ಷನ್ ಆಗುತ್ತದೆ. 2024ರ 14.0 ಆವೃತ್ತಿಯಲ್ಲಿ ಒಂದೇ ಮಾರ್ಗದ ವಾಹನಗಳು ಗುಂಪುಗೂಡದಂತೆ ಡಿಪೋದಲ್ಲಿ ಅಂತರ ಕೊಟ್ಟು ಬಿಡುವ ಸೌಲಭ್ಯ ಬಂತು. ಅರ್ಧ ಗಂಟೆ ಕಾದ ಮೇಲೆ ಒಂದೇ ನಂಬರಿನ ಎರಡು ಬಸ್ಸು ಒಟ್ಟಿಗೆ ಬಂದುದನ್ನು ಕಂಡವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಲವರು ಕೂಡಿ ಆಡುವ ವ್ಯವಸ್ಥೆಯೂ ಗಟ್ಟಿಯಾಗಿದೆ. ಒಂದು ಆಟದಲ್ಲಿ 15 ಕಂಪನಿಗಳವರೆಗೆ ಇರಬಹುದು, ಒಂದೇ ಕಂಪನಿಯನ್ನು ಹಲವರು ಸೇರಿ ನಡೆಸಲೂಬಹುದು. 2021ರಲ್ಲಿ ಬಂದ 12.0ರಿಂದ ಗೆಳೆಯರಿಗೆ ಒಂದು ಆಹ್ವಾನ ಸಂಕೇತ ಕಳಿಸಿದರೆ ಸಾಕು, ರೌಟರ್ ಸೆಟ್ಟಿಂಗ್ ತಿದ್ದುವ ತಾಪತ್ರಯವಿಲ್ಲ.

ದೋಷಗಳನ್ನು ಮುಚ್ಚಿಡುವುದು ಸರಿಯಲ್ಲ. ಹೊಸಬರಿಗೆ ಈ ಆಟ ಕಷ್ಟ. ಸೆಟ್ಟಿಂಗ್‌ಗಳ ಪಟ್ಟಿ ನೂರಾರು ಸಾಲು ಉದ್ದವಿದೆ, ಏಕೆಂದರೆ ಸಮುದಾಯದಲ್ಲಿ ಒಮ್ಮತ ಮೂಡದಿದ್ದಾಗಲೆಲ್ಲ ಎರಡೂ ರೀತಿಯನ್ನು ಉಳಿಸಿ ಆಯ್ಕೆಯನ್ನು ಆಟಗಾರನಿಗೇ ಬಿಟ್ಟಂತೆ ಕಾಣುತ್ತದೆ. ಪುಟ್ಟ ಕಿಟಕಿಗಳು ಒಂದರ ಮೇಲೊಂದು ತೆರೆಯುತ್ತ ಹೋಗುತ್ತವೆ, 13.0ರಿಂದ ಅಕ್ಷರ, ಬಟನ್‌ಗಳನ್ನು ಬೇಕಾದಷ್ಟು ಹಿಗ್ಗಿಸಬಹುದಾದದ್ದು ದೊಡ್ಡ ಉಪಕಾರ. ಹಣದ ಸವಾಲು ಆಟದೊಳಗಿನ ಮೊದಲ ಹತ್ತು ಹದಿನೈದು ವರ್ಷಗಳಿಗೆ ಮುಗಿದುಹೋಗುತ್ತದೆ, ಆಮೇಲೆ ಉಳಿಯುವುದು ಕಟ್ಟುವ ಖುಷಿ ಮಾತ್ರ. ಆ ಖುಷಿ ಸಾಲದು ಎನ್ನುವವರಿಗೆ ಇದನ್ನು ನಾನು ಒತ್ತಾಯಿಸಲಾರೆ.

ನನಗಂತೂ ಅದು ಸಾಕು. ನೆಲದ ಏರುತಗ್ಗು ತೋರಿಸುವ ನಕಾಶೆಯ ಚಿತ್ರವನ್ನು ಕೊಟ್ಟರೆ ಆಟ ಅದರಿಂದ ನೆಲ ರೂಪಿಸುತ್ತದೆ. ಹಾಗೆ ನಾನು ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯನ್ನು ಕಟ್ಟಲು ಕುಳಿತೆ. ಆ ಮಾರ್ಗದ ಏರು 50ಕ್ಕೆ 1, ಎಂದರೆ ಶೇಕಡಾ 2. ಆಟದಲ್ಲಿ ರೈಲಿನ ಏರು ಮೊದಲಿಗೆ ಶೇಕಡಾ 3 ಇರುತ್ತದೆ, ಸೆಟ್ಟಿಂಗ್‌ನಲ್ಲಿ ಅದನ್ನು 2ಕ್ಕೆ ಇಳಿಸಿದೆ. ಆದರೂ ಭರ್ತಿ ಗೂಡ್ಸ್ ರೈಲು ಒಂದು ಇಂಜಿನ್ನಿಗೆ ಏರಲಿಲ್ಲ. ತೆವಳುವಂತಾದಾಗ ಎರಡನೆಯದನ್ನು ಜೋಡಿಸಬೇಕಾಯಿತು. ಆ ಘಾಟಿಯಲ್ಲಿ 57 ಸುರಂಗಗಳಿವೆ, ಈ ಆಟದಲ್ಲಿ ಸುರಂಗ ನೇರವಾಗಿಯೇ ಹೋಗಬೇಕು, ಒಳಗೆ ಸಿಗ್ನಲ್ ಹಾಕಲಾಗದು, ಹಾಗಾಗಿ ಉದ್ದದ ಸುರಂಗದಲ್ಲಿ ಒಂದು ರೈಲು ಹೊರಬರುವವರೆಗೆ ಹಿಂದಿನದು ಕಾಯಲೇಬೇಕು. ಇದಕ್ಕೂ ಅಭಿಮಾನಿಗಳ ಬಳಿ ಪರಿಹಾರವಿದೆ: ಜೆಜಿಆರ್ ಪ್ಯಾಚ್ ಪ್ಯಾಕ್ ಎಂಬ ಬೇರೆಯದೇ ಆವೃತ್ತಿಯಲ್ಲಿ ಸುರಂಗ, ಸೇತುವೆಗಳೊಳಗೂ ಸಿಗ್ನಲ್ ಹಾಕಬಹುದು. ಹೊಸಬರು ಮೂಲ ಓಪನ್‌ಟಿಟಿಡಿಯಿಂದಲೇ ತೊಡಗಲಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತದೆ, 2021ರಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಗೂ ಬಂತು, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಮೊದಲ ಆಟಕ್ಕೆ ಸಣ್ಣ ನಕಾಶೆ ಆರಿಸಿ, ವಾಹನ ಕೆಡುವ ಪ್ರಮಾಣವನ್ನು ತಗ್ಗಿಸಿ, ಕಲ್ಲಿದ್ದಲ ಗಣಿಯೊಂದನ್ನು ಹುಡುಕಿಕೊಳ್ಳಿ.