ಡಿಸ್ಕ್ ಗಟ್ಟಿ, ಕೇಬಲ್ ಲೂಸು: ಯಕ್ಷಗಾನದ ರೆಕಾರ್ಡಿಂಗಿಗೆ ಬಳಸಿದ 2 ಟಿಬಿ ಹಾರ್ಡ್ ಡಿಸ್ಕ್

ಈ ಡಿಸ್ಕಿಗೆ ನಾನು ಹತ್ತಕ್ಕೆ ಎಂಟು ಕೊಡುತ್ತೇನೆ. ಅದರ ಜೊತೆ ಬಂದ ಕೇಬಲ್ಲಿಗೆ, ಆ ಕೇಬಲ್ ಸಿಕ್ಕಿಸುವ ಬಾಯಿಗೆ ಒಂದೂ ಇಲ್ಲ. ಕಂಪನಿ ಹೆಸರು ಬರೆಯುವುದಿಲ್ಲ. ಬರೆದರೂ ಪ್ರಯೋಜನ ಕಡಿಮೆ. ಈ ಅಂಗೈಯಗಲದ ಪೋರ್ಟಬಲ್ ಡಿಸ್ಕುಗಳಲ್ಲಿ ಯಾವುದನ್ನು ತೆಗೆದುಕೊಂಡರೂ ಹೆಚ್ಚಿನವಕ್ಕೆ ಇರುವುದು ಅದೇ ಚಪ್ಪಟೆ ಮೈಕ್ರೋ-ಬಿ ಬಾಯಿ. ಒಂದು ಕಡೆ ಅಗಲ, ಒಂದು ಕಡೆ ಸಣ್ಣ, ನಡುವೆ ಸೊಂಟ ಹಿಡಿದಂತೆ ಒಂದು ತಗ್ಗು. ನೋಡಿದರೆ ಗೊತ್ತಾಗುತ್ತದೆ.

ನಾನು ಕುಂದಾಪುರದ ಹತ್ತಿರದವನು, ಶಾಲೆ ಮಾಷ್ಟ್ರು. ಇರುವ ಹುಚ್ಚು ಒಂದೇ, ಆಟ, ಅಂದರೆ ಯಕ್ಷಗಾನ. ದೀಪಾವಳಿ ಕಳೆದು ಮೇಳಗಳು (ಯಕ್ಷಗಾನ ತಂಡಗಳು) ಹೊರಟ ಮೇಲೆ ಪತ್ತನಾಜೆವರೆಗೆ, ಅಂದರೆ ಮೇ ಕೊನೆಗೆ ಅವುಗಳ ತಿರುಗಾಟ ಮುಗಿಯುವವರೆಗೆ, ಶನಿವಾರ ರಾತ್ರಿ ನನ್ನನ್ನು ಮನೆಯಲ್ಲಿ ಹುಡುಕಬೇಡಿ. ಮಳೆಗಾಲದಲ್ಲಿ ತಾಳಮದ್ದಳೆ, ವೇಷ ಕುಣಿತ ಇಲ್ಲದೆ ಕೂತು ನಡೆಸುವ ಪ್ರಸಂಗ. ಸಂಘಟಕರನ್ನೂ ಪದ್ಯ ಹಾಡುವ ಭಾಗವತರನ್ನೂ ಕೇಳಿ, ಒಪ್ಪಿದರೆ ರೆಕಾರ್ಡರ್ ಇಡುತ್ತೇನೆ. 24 ಬಿಟ್, 48 ಕಿಲೋಹರ್ಟ್ಸ್ ವೇವ್ ಫೈಲಿಗೆ ಗಂಟೆಗೆ ಸುಮಾರು 1 ಜಿಬಿ ಬೇಕು. ರಾತ್ರಿಯಿಡೀ ನಡೆಯುವ ಹರಕೆ ಆಟಕ್ಕೆ 8-9 ಜಿಬಿ. ಇದು ದೊಡ್ಡದಲ್ಲ. ಜಾಗ ತಿನ್ನುವುದು ಗೆಳೆಯನ ಕ್ಯಾಮರಾ. 4ಕೆ ವಿಡಿಯೋ ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ತೆಗೆದರೆ ಗಂಟೆಗೆ 45 ಜಿಬಿ. ಅದಕ್ಕೇ ಒಡ್ಡೋಲಗ (ಪಾತ್ರಗಳ ಮೊದಲ ಪ್ರವೇಶ), ಒಳ್ಳೆಯ ಒಂದೆರಡು ಸನ್ನಿವೇಶ ಮಾತ್ರ 4ಕೆ, ಉಳಿದದ್ದು ಸಾದಾ ಎಚ್‌ಡಿ.

ಇಷ್ಟನ್ನು ಕ್ಲೌಡಿಗೆ ಏರಿಸಿ ಅಂತ ಬೆಂಗಳೂರಲ್ಲಿರುವ ನನ್ನ ಹಳೆ ವಿದ್ಯಾರ್ಥಿಗಳು ಹೇಳುತ್ತಾರೆ. ನಮ್ಮ ಊರಿನ ನೆಟ್ಟಿನಲ್ಲಿ ಒಂದು ಆಟ ಏರುವಷ್ಟರಲ್ಲಿ ಮುಂದಿನ ಆಟ ಬಂದಿರುತ್ತದೆ. ಮೇಲಿಂದ ತಿಂಗಳು ತಿಂಗಳು ದುಡ್ಡು. ನನ್ನ ಕೈಲಿದ್ದದ್ದು ಆರು ಸಾವಿರದ ಒಳಗಿನ ಬಜೆಟ್. ಅಷ್ಟೇ ಜಾಗದ ಎಸ್‌ಎಸ್‌ಡಿಗೆ (ತಿರುಗುವ ಭಾಗವೇ ಇಲ್ಲದ, ಚಿಪ್ಪಿನಲ್ಲಿ ಬರೆಯುವ ಡಿಸ್ಕ್) ಆಗ ಮೂರು ಪಟ್ಟು ಹೇಳಿದರು. ಹಾಗಾಗಿ ತಿರುಗುವ ಡಿಸ್ಕೇ ಸೈ ಅಂದುಕೊಂಡೆ.

ತೆಗೆದುಕೊಂಡದ್ದು ಉಡುಪಿಯ ಅಂಗಡಿಯಿಂದ, ಬಿಲ್ ಸಮೇತ. ಆನ್‌ಲೈನಿನಲ್ಲಿ '16 ಟಿಬಿ, ಎರಡು ಸಾವಿರ ರೂಪಾಯಿ' ಅಂತ ಬರುತ್ತದಲ್ಲ, ಅದರ ಕಡೆ ತಲೆ ಹಾಕಬೇಡಿ. ಅಂಥದ್ದನ್ನು ಬಿಚ್ಚಿ ನೋಡಿದವರಿಗೆ ಒಳಗೆ ಸಿಕ್ಕಿದ್ದು ಅಂಟು ಹಾಕಿ ಕೂರಿಸಿದ ಸಣ್ಣ ಮೆಮೊರಿ ಕಾರ್ಡ್. ಕಂಪ್ಯೂಟರಿಗೆ 16 ಟಿಬಿ ಅಂತ ಸುಳ್ಳು ಹೇಳುವ ಹಾಗೆ ಅದರ ಚಿಪ್ಪನ್ನು ತಿದ್ದಿರುತ್ತಾರೆ. ಕಾಪಿ ಆದ ಹಾಗೇ ಕಾಣುತ್ತದೆ. ಫೈಲಿನ ಹೆಸರೆಲ್ಲ ಇರುತ್ತದೆ, ಒಳಗೆ ಏನೂ ಇರುವುದಿಲ್ಲ. ಸಂಶಯ ಬಂದರೆ ಎಚ್2ಟೆಸ್ಟ್‌ಡಬ್ಲ್ಯೂ ಅಂತ ಒಂದು ಪುಕ್ಕಟೆ ಪ್ರೋಗ್ರಾಂ ಇದೆ. ಪೂರ್ತಿ ಜಾಗಕ್ಕೆ ಬರೆದು, ಪುನಃ ಓದಿ ತಾಳೆ ನೋಡುತ್ತದೆ.

ನನ್ನದು 2 ಟಿಬಿ. ವಿಂಡೋಸಿನಲ್ಲಿ 1.81 ಅಂತ ಕಾಣುತ್ತದೆ. ಇದರಲ್ಲಿ ಮೋಸ ಇಲ್ಲ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ.

ಈಗ ನನಗೆ ಇಷ್ಟವಾದ ಭಾಗ. ಆಟ ಮುಗಿಸಿ ಬೆಳಿಗ್ಗೆ ಮನೆಗೆ ಬರುತ್ತೇನೆ. ಕಣ್ಣು ಉರಿಯುತ್ತಿರುತ್ತದೆ, ಕಿವಿಯಲ್ಲಿ ಇನ್ನೂ ಚೆಂಡೆ. ಮಲಗುವ ಮುಂಚೆ ಕೆಲಸ ಒಂದೇ. ಲ್ಯಾಪ್‌ಟಾಪ್ ತೆರೆದು, ಕಾರ್ಡ್ ರೀಡರ್ ಒಂದು ಬದಿಗೆ, ಡಿಸ್ಕ್ ಇನ್ನೊಂದು ಬದಿಗೆ. ಸಿಕ್ಕಿಸಿದ ಕೂಡಲೇ ಡಿಸ್ಕಿನ ಒಳಗೆ ಸಣ್ಣದಾಗಿ ಗುಂಯ್ ಅಂತ ಶುರುವಾಗುತ್ತದೆ. ಮೇಲೆ ಬೆರಳಿಟ್ಟರೆ ತಿರುಗುವುದು ತಿಳಿಯುತ್ತದೆ. ಆಮೇಲೆ ಬಿಳಿ ದೀಪ ಮಿಣಕ್ ಮಿಣಕ್. ಫೋಲ್ಡರಿಗೆ ಮೊದಲು ವರ್ಷ, ಆಮೇಲೆ ತಿಂಗಳು, ತಾರೀಕು, ಆಮೇಲೆ ಮೇಳ, ಪ್ರಸಂಗ, ಊರು. ವರ್ಷ ಮೊದಲು ಬಂದರೆ ಎಲ್ಲ ತನ್ನಷ್ಟಕ್ಕೆ ಸಾಲಾಗಿ ನಿಲ್ಲುತ್ತದೆ. ಭಾಗವತರ ಹೆಸರನ್ನೂ ಸೇರಿಸುತ್ತೇನೆ. ಆಡಿಯೋ ಹೋಗಲು ಎರಡು ನಿಮಿಷ ಸಾಕು, ವಿಡಿಯೋ ಇದ್ದರೆ ಒಂದು ಚಾ ಕುಡಿಯುವ ಹೊತ್ತು. ಕಾಪಿ ಮುಗಿದ ಮೇಲೆ ಒಂದು ಪದ್ಯ ಅಲ್ಲಿಂದಲೇ ಹಾಕಿ ಕೇಳುತ್ತೇನೆ. ಸರಿಯಾಗಿ ಬಂದಿದೆಯಾ ಅಂತ ನೋಡಲು ಅಂತ ಮನೆಯವರಿಗೆ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಅದು ಸುಮ್ನೆ.

ಎರಡನೇ ಪ್ರತಿ ಆಗದೆ ಕಾರ್ಡನ್ನು ಫಾರ್ಮ್ಯಾಟ್ ಮಾಡುವುದಿಲ್ಲ. ಡಿಸ್ಕನ್ನು ಎಳೆದು ತೆಗೆಯುವುದೂ ಇಲ್ಲ. 'ಸೇಫ್ಲಿ ರಿಮೂವ್' ಒತ್ತಿ, ದೀಪ ಆರಿ, ಬೆರಳಿನಡಿಯ ತಿರುಗಾಟ ನಿಲ್ಲುವವರೆಗೆ ಕಾಯುತ್ತೇನೆ.

ವೇಗದ ಬಗ್ಗೆ ಒಂದು ಮಾತು. ಮೊದಲ ದಿನ ಹಳೇ ಡಿಸ್ಕಿನಿಂದ ಎಲ್ಲವನ್ನೂ ಒಟ್ಟಿಗೇ ಇದಕ್ಕೆ ಸುರಿದೆ. ಶುರುವಿನಲ್ಲಿ ಸೆಕೆಂಡಿಗೆ 120 ಎಂಬಿ. ಸ್ವಲ್ಪ ಹೊತ್ತಿನ ಮೇಲೆ 20ಕ್ಕೆ ಇಳಿದು ಅಲ್ಲೇ ಕೂತುಬಿಟ್ಟಿತು. ಡಿಸ್ಕ್ ಹಾಳು ಅಂತ ತಿಳಿಯಬೇಡಿ. ಈಗಿನ ಪೋರ್ಟಬಲ್ ಡಿಸ್ಕುಗಳಲ್ಲಿ ಬಹಳಷ್ಟು ಎಸ್‌ಎಂಆರ್. ಜಾಗ ಉಳಿಸಲು ಒಳಗಿನ ಬರಹದ ಸಾಲುಗಳನ್ನು ಮಾಡಿನ ಹಂಚಿನ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದನ್ನು ಹೊದಿಸಿರುತ್ತಾರೆ. ನಡುವಿನ ಒಂದನ್ನು ಬದಲಿಸಬೇಕೆಂದರೆ ಪಕ್ಕದವನ್ನೂ ತೆಗೆದು ಪುನಃ ಕೂರಿಸಬೇಕು. ಹೊಸದಾಗಿ ಬಂದದ್ದನ್ನು ಮೊದಲು ಒಂದು ಮೂಲೆಯಲ್ಲಿ ಪೇರಿಸಿಕೊಳ್ಳುತ್ತದೆ. ಆ ಮೂಲೆ ತುಂಬಿದರೆ ಆಮೆನಡಿಗೆ. 2020ರಲ್ಲಿ ದೊಡ್ಡ ಕಂಪನಿಗಳೇ ಕೆಲವು ಮಾಡೆಲ್‌ಗಳಲ್ಲಿ ಇದನ್ನು ಹೇಳದೆ ಹಾಕಿದ್ದು ಬಯಲಾಗಿ ಗಲಾಟೆ ಆಗಿತ್ತು. ನನ್ನ ಕೆಲಸಕ್ಕೆ ಇದರಿಂದ ತೊಂದರೆ ಇಲ್ಲ. ಒಮ್ಮೆ ಬರೆದು ಇಡುವುದು, ಬೇಕಾದಾಗ ಕೇಳುವುದು. ಡಿಸ್ಕಿನ ಮೇಲೆಯೇ ವಿಡಿಯೋ ಎಡಿಟ್ ಮಾಡುವವರಾದರೆ ಇದು ಬೇಡ, ದುಡ್ಡು ಕೂಡಿಸಿ ಎಸ್‌ಎಸ್‌ಡಿಯನ್ನೇ ತೆಗೆದುಕೊಳ್ಳಿ.

ಇಲ್ಲಿಯವರೆಗೆ ಓದಿದವರು ಇವನಿಗೆ ಎಂತದು ಸಿಟ್ಟು ಅಂತ ಕೇಳಬಹುದು.

ಮೂರನೇ ಸೀಸನ್ನಿನ ನಡುವೆ ಶುರುವಾಯಿತು. ಕಾಪಿ ಆಗುತ್ತಾ ಇರುವಾಗ ಲ್ಯಾಪ್‌ಟಾಪ್ 'ಡುಡುಂ' ಅಂತ ಸದ್ದು ಮಾಡುತ್ತದೆ, ಡಿಸ್ಕ್ ಮಾಯ. ಎರಡು ಸೆಕೆಂಡ್ ಬಿಟ್ಟು ಇನ್ನೊಂದು 'ಡುಡುಂ', ಪುನಃ ಪ್ರತ್ಯಕ್ಷ. ನೋಡಿದರೆ ಕೇಬಲ್ ಬಾಯಿಯಲ್ಲಿ ಅಲ್ಲಾಡುತ್ತಿದೆ. ಒಂದು ಕಡೆಗೆ ವಾಲಿಸಿ ಹಿಡಿದರೆ ಸರಿ, ಬಿಟ್ಟರೆ ಹೋಯಿತು. ಕೆಲವು ದಿನ ಅಡಿಗೆ ನೋಟ್‌ಬುಕ್ ಕೊಟ್ಟೆ, ರಬ್ಬರ್ ಬ್ಯಾಂಡ್ ಸುತ್ತಿದೆ. ನಿದ್ದೆಗಣ್ಣಲ್ಲಿ ಕೇಬಲ್ ಹಿಡಿದು ಕೂರುವುದು ಯಾರಿಗೆ ಬೇಕು ಮಾರಾಯ್ರೇ? ಅಂಗಡಿಯಿಂದ ಹೊಸ ಕೇಬಲ್ ತಂದೆ. ಒಂದು ವಾರ ಸರಿ ಇತ್ತು, ಆಮೇಲೆ ಅದೇ ರಗಳೆ.

ಇದು ಬರೀ ಕಿರಿಕಿರಿ ಅಲ್ಲ. ಡಿಸ್ಕಿಗೆ ಕರೆಂಟು ಬರುವುದೂ ಅದೇ ಕೇಬಲ್ಲಿನಲ್ಲಿ. ತಿರುಗುತ್ತಿರುವಾಗ ಕರೆಂಟು ಹೋದರೆ ಓದುವ ಹೆಡ್ಡನ್ನು ಅವಸರದಲ್ಲಿ ಹಿಂದಕ್ಕೆ ಎಳೆದುಕೊಳ್ಳಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಇನ್ನೊಂದು ಪುಕ್ಕಟೆ ಪ್ರೋಗ್ರಾಂ ಇದೆ. ಅದರಲ್ಲಿ ಸಿ0 ಅನ್ನುವ ಸಾಲು ಈ ಎಳೆದಾಟದ ಲೆಕ್ಕ. ನನ್ನದರಲ್ಲಿ ಅದು ವಾರ ವಾರ ಏರುತ್ತಿತ್ತು. ಸಮಾಧಾನ ಅಂದರೆ ಹಾಳಾದ ಜಾಗದ ಲೆಕ್ಕ ಹೇಳುವ 05 ಮತ್ತು ಸಿ5 ಎರಡೂ ಸೊನ್ನೆಯಲ್ಲೇ ಇದ್ದವು. ಡಿಸ್ಕಿನ ಒಳಗೆ ಏನೂ ಆಗಿರಲಿಲ್ಲ.

ಗ್ಯಾರಂಟಿ ಮೂರು ವರ್ಷ ಅಲ್ವಾ ಅಂತ ಸರ್ವಿಸ್ ಸೆಂಟರಿಗೆ ಹೋದೆ. ಕೌಂಟರಿನ ಹುಡುಗ ಒಳ್ಳೆಯವನೇ. ನೇರ ಕೇಳಿದ: "ಸರ್, ನಿಮಗೆ ಡಿಸ್ಕ್ ಬೇಕಾ, ಡೇಟಾ ಬೇಕಾ?" ಡಿಸ್ಕ್ ಕೊಟ್ಟರೆ ಬೇರೆ ಡಿಸ್ಕ್ ಸಿಗುತ್ತದೆ, ಕೊಟ್ಟದ್ದು ವಾಪಸ್ ಇಲ್ಲ, ಒಳಗಿದ್ದದ್ದಕ್ಕೆ ಅವರು ಜವಾಬ್ದಾರರಲ್ಲ. ಬಾಕ್ಸಿನ ಕಾಗದದಲ್ಲಿಯೂ ಅದೇ ಬರೆದಿದೆ. ಕಿತ್ತುಹೋದದ್ದು ಬೆರಳಿನ ಉಗುರಿನಷ್ಟು ಒಂದು ಬಾಯಿ. ಅದನ್ನು ಮಾತ್ರ ಸರಿ ಮಾಡಿಕೊಡುವ ಪದ್ಧತಿ ಅವರಲ್ಲಿ ಇಲ್ಲ. ಆ ದಿನ ಬರೆದಿದ್ದರೆ ಈ ವಿಮರ್ಶೆ ಬೇರೆ ಭಾಷೆಯಲ್ಲಿ ಇರುತ್ತಿತ್ತು.

ವಾಪಸ್ ತಂದೆ. ಆಗ ಉಪಯೋಗಕ್ಕೆ ಬಂದ ಒಂದು ಉಪಾಯ ನಿಮಗೂ ಹೇಳುತ್ತೇನೆ. ಹಳೇ ಫೋನುಗಳ ಮೈಕ್ರೋ ಯುಎಸ್‌ಬಿ ಕೇಬಲ್ ಇದೆಯಲ್ಲ, ಅದು ಈ ಬಾಯಿಯ ಅಗಲ ಇರುವ ಭಾಗಕ್ಕೆ ಸರಿಯಾಗಿ ಕೂರುತ್ತದೆ. ಯುಎಸ್‌ಬಿ 2.0 ವೇಗದಲ್ಲಿ ಡಿಸ್ಕ್ ಕೆಲಸ ಮಾಡುತ್ತದೆ, ಸೆಕೆಂಡಿಗೆ 30 ಎಂಬಿ ಸಿಕ್ಕೀತು. ಆ ಕೇಬಲ್ ಹಗುರ, ಮೆದು, ಬಾಯಿಯನ್ನು ಎಳೆಯುವುದಿಲ್ಲ. ಆ ಸೀಸನ್ನಿನ ನಾನೂರು ಜಿಬಿ ಇನ್ನೊಂದು ಡಿಸ್ಕಿಗೆ ಹೋಗಲು ನಾಲ್ಕು ಗಂಟೆ ಹಿಡಿಯಿತು. ಆದರೆ ಒಂದು 'ಡುಡುಂ' ಇಲ್ಲ.

ಆಮೇಲೆ ಧೈರ್ಯವಾಗಿ ನಮ್ಮ ಪೇಟೆಯ ಮೊಬೈಲ್ ರಿಪೇರಿಯವರ ಮುಂದೆ ಇಟ್ಟೆ. ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ, ಹೋಗಲಿ. ತೆಳುವಾದ ಪ್ಲಾಸ್ಟಿಕ್ ಪಟ್ಟಿಯಲ್ಲಿ ಸುತ್ತಲೂ ಮೀಟಿ ಮುಚ್ಚಳ ತೆಗೆದರು. ನಾನು ಅಂದುಕೊಂಡಿದ್ದೆ, ಒಳಗೆ ಲ್ಯಾಪ್‌ಟಾಪಿನಲ್ಲಿರುವ ಹಾಗೆ ಸಾಟಾ ಡಿಸ್ಕ್ ಇದೆ, ಕಷ್ಟಕಾಲಕ್ಕೆ ತೆಗೆದು ಬೇರೆ ಕೇಸಿಗೆ ಹಾಕಬಹುದು ಅಂತ. ಇಲ್ಲ. ಯುಎಸ್‌ಬಿ ಬಾಯಿಯನ್ನು ಡಿಸ್ಕಿನ ಹಸಿರು ಬೋರ್ಡಿಗೇ ಬೆಸೆದಿದ್ದಾರೆ. ಹಲವು ಪೋರ್ಟಬಲ್ ಡಿಸ್ಕುಗಳು ಹೀಗೇ ಇರುತ್ತವೆ. ಅವರು ಲೆನ್ಸಿನ ಕೆಳಗೆ ಹಿಡಿದು ತೋರಿಸಿದರು: "ಡಿಸ್ಕಿಗೆ ಎಂತದೂ ಆಯ್ಲಿಲ್ಲ ಮಾಷ್ಟ್ರೆ. ಇಲ್ ಕಾಣಿ, ಕಾಲ್ ಬಿಟ್ಟಿತ್." ಬಾಯಿಯನ್ನು ಬೋರ್ಡಿಗೆ ಹಿಡಿದಿಡುವ ತಗಡಿನ ಕಾಲಿನ ಸುತ್ತ, ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕು. ಹಳೇ ಬೆಸುಗೆ ತೆಗೆದು ಹೊಸದು ಹಾಕಲು ಹತ್ತು ನಿಮಿಷ. ಮುನ್ನೂರು ರೂಪಾಯಿ.

ಅಂದಿನಿಂದ ಇಂದಿನವರೆಗೆ ಅಲುಗಾಡಿಲ್ಲ. ಅದಕ್ಕೇ ಡಿಸ್ಕಿನ ಮೇಲಿನ ನನ್ನ ಸಿಟ್ಟು ಇಳಿದದ್ದು, ಎಂಟು ಅಂಕ ಉಳಿದದ್ದು. ರಿಪೇರಿಯವರು ಒಂದು ಶಿಸ್ತು ಹೇಳಿಕೊಟ್ಟರು: ಕೇಬಲ್ಲನ್ನು ಡಿಸ್ಕಿನ ಕಡೆಯಿಂದ ತೆಗೆಯಲೇಬೇಡಿ. ಬೇಕಾದಾಗ ಲ್ಯಾಪ್‌ಟಾಪಿನ ಕಡೆಯಿಂದ ಮಾತ್ರ ತೆಗೆಯಿರಿ. ಆ ಕಡೆಯ ಬಾಯಿ ದೊಡ್ಡದು, ಗಟ್ಟಿ. ಈಗ ಕೇಬಲ್ ಡಿಸ್ಕಿನಲ್ಲೇ ಇರುತ್ತದೆ, ಚೀಲದಲ್ಲಿಯೂ ಹಾಗೆಯೇ ಸಡಿಲವಾಗಿ ಸುತ್ತಿ ಇಡುತ್ತೇನೆ.

ಕೇಬಲ್ ನಡುವೆ ತಪ್ಪುವ ಈ ರಗಳೆ ಫಾರ್ಮ್ಯಾಟ್ ವಿಚಾರಕ್ಕೂ, ಅಂದರೆ ಡಿಸ್ಕಿನಲ್ಲಿ ಫೈಲು ಜೋಡಿಸಿಡುವ ಪದ್ಧತಿಗೂ, ಸೇರುತ್ತದೆ. ಮೊದಲು ಎಕ್ಸ್‌ಫ್ಯಾಟ್ ಹಾಕಿದ್ದೆ. ವಿಂಡೋಸ್, ಮ್ಯಾಕ್ ಎರಡರಲ್ಲೂ ಓದಿ ಬರೆಯಬಹುದು. ಆದರೆ ಬರೆಯುವ ನಡುವೆ ತಪ್ಪಿಹೋದರೆ ಅದು ಸಾವರಿಸಿಕೊಳ್ಳುವುದು ಕಷ್ಟ. ಎನ್‌ಟಿಎಫ್‌ಎಸ್ ಒಳಗೊಳಗೇ ಡೈರಿ ಬರೆದುಕೊಳ್ಳುತ್ತದೆ, ಹಾಗಾಗಿ ಇಂಥ ಹೊಡೆತ ಸ್ವಲ್ಪ ತಡೆದುಕೊಳ್ಳುತ್ತದೆ. ಅದಕ್ಕೇ ಬದಲಾಯಿಸಿದೆ. ಮ್ಯಾಕ್ ಇರುವ ಗೆಳೆಯ ಈಗ ನನ್ನ ಡಿಸ್ಕಿನಿಂದ ತೆಗೆದುಕೊಳ್ಳಬಹುದು, ಬೇರೆ ಪ್ರೋಗ್ರಾಂ ಇಲ್ಲದೆ ಹಾಕಲು ಆಗುವುದಿಲ್ಲ. ನನಗೆ ಅದೂ ಒಳ್ಳೆಯದೇ ಆಯಿತು. ನಮ್ಮ ಊರಲ್ಲಿ ಡಿಸ್ಕ್ ಕೈಯಿಂದ ಕೈಗೆ ಹೋಗಿ ಬರುವಾಗ ಶಾರ್ಟ್‌ಕಟ್ ವೈರಸ್ ತಂದೇ ತರುತ್ತದೆ. ಈಗ ಕೇಳಿದವರಿಗೆ ಹೇಳುವುದು ಒಂದೇ: ನಿಮ್ಮದು ತನ್ನಿ, ನಾನೇ ಹಾಕಿ ಕೊಡ್ತೇನೆ. ಕಾಪಿ ಆಗುವವರೆಗೆ ಕೂತು ಆಟದ ಸುದ್ದಿ ಮಾತಾಡಬಹುದು. ಈ ಡಿಸ್ಕ್ ತೆಗೆದುಕೊಂಡಾಗ ಇಷ್ಟು ಜನ ಮನೆಗೆ ಬರುತ್ತಾರೆ ಅಂತ ಎಣಿಸಿರಲಿಲ್ಲ.

ಕರಾವಳಿಯವರಿಗೆ ಮಳೆಗಾಲದ ಮಾತು. ಈ ಡಿಸ್ಕುಗಳಿಗೆ ಗಾಳಿಯಾಡಲು ಸಣ್ಣ ರಂಧ್ರ ಇರುತ್ತದೆ, ತೇವ ಪೂರ್ತಿ ತಪ್ಪುವುದಿಲ್ಲ. ನಾನು ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ, ತಿಂಗಳಿಗೊಮ್ಮೆ ತೆಗೆದು ಓಡಿಸುತ್ತೇನೆ. ಗುಡುಗು ಇರುವಾಗ ಕಾಪಿ ಮಾಡಲೇಬೇಕಾದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ಬ್ಯಾಟರಿಯಲ್ಲಿ.

ಎರಡನೇ ಪ್ರತಿಯ ಡಿಸ್ಕ್ ಬ್ರಹ್ಮಾವರದಲ್ಲಿ ಅಕ್ಕನ ಮನೆಯಲ್ಲಿದೆ. ಹಬ್ಬಕ್ಕೆ ಹೋದಾಗ ಹೊಸದನ್ನು ಸೇರಿಸಿ ಬರುತ್ತೇನೆ. ಅದನ್ನು ಮಾತ್ರ ಬೇರೆ ರೀತಿ ಮಾಡಿಕೊಂಡಿದ್ದೇನೆ: ಲ್ಯಾಪ್‌ಟಾಪಿಗೆ ಹಾಕುವ ಎರಡೂವರೆ ಇಂಚಿನ ಸಾಟಾ ಡಿಸ್ಕ್, ಅದಕ್ಕೊಂದು ಟೈಪ್-ಸಿ ಬಾಯಿಯ ಕೇಸು. ನೋಡಲು ಸ್ವಲ್ಪ ದಪ್ಪ, ಅಂದ ಇಲ್ಲ. ಆದರೆ ಬಾಯಿ ಹೋದರೆ ಕೆಲವು ನೂರು ರೂಪಾಯಿಯ ಕೇಸು ಬದಲಿಸಿದರೆ ಆಯಿತು, ಡಿಸ್ಕ್ ಮುಟ್ಟಬೇಕಾಗಿಲ್ಲ.

ರೆಡಿಮೇಡ್ ಪೋರ್ಟಬಲ್ಲೇ ಬೇಕು ಅನ್ನುವವರು ಟೈಪ್-ಸಿ ಬಾಯಿಯದ್ದು ಕೇಳಿ. ನೂರಿನ್ನೂರು ಜಾಸ್ತಿ ಆದರೂ ಆಗಲಿ. ಅದು ಸಿಗದೆ ಚಪ್ಪಟೆ ಬಾಯಿಯದ್ದೇ ತೆಗೆದುಕೊಂಡರೆ, ದುಡ್ಡು ಕೊಟ್ಟ ಮೇಲೆ ಅಂಗಡಿಯಲ್ಲೇ ಬಾಕ್ಸ್ ತೆರೆಸಿ, ಕೇಬಲ್ ಸಿಕ್ಕಿಸಿ, ದೊಡ್ಡ ಫೈಲ್ ಕಾಪಿ ಆಗುತ್ತಿರುವಾಗ ಕೇಬಲ್ಲನ್ನು ಮೆಲ್ಲ ಆಚೀಚೆ ಅಲ್ಲಾಡಿಸಿ ನೋಡಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ.