ಗೃಹಸಾಲಕ್ಕೆ ಏಳು ಸಲ ಮೆಟ್ಟಿಲು ಹತ್ತಿದ ಮೇಲೆ

ಐದರಲ್ಲಿ ಮೂರು ನಕ್ಷತ್ರ. ಅದರಲ್ಲಿ ಎರಡು ಬ್ಯಾಂಕಿನ ವಕೀಲರಿಗೆ. ಶಾಖೆಯ ಹೆಸರು ಬರೆಯುವುದಿಲ್ಲ, ನಮ್ಮ ಫೈಲು ಇನ್ನೂ ಅಲ್ಲೇ ಇದೆ.

ದಾವಣಗೆರೆಯ ಕೆ.ಟಿ.ಜೆ. ನಗರದಲ್ಲಿ ಹನ್ನೊಂದು ವರ್ಷದಿಂದ ಬಾಡಿಗೆಗಿದ್ದೇವೆ. ನಮ್ಮವರು ಚೌಕಿಪೇಟೆಯ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ, ನಾನು ಮನೆಯಲ್ಲಿ ರವಿಕೆ ಹೊಲಿಯುತ್ತೇನೆ. ಮದುವೆ ತಿಂಗಳುಗಳಲ್ಲಿ ನನ್ನ ದುಡಿಮೆಯೇ ಹೆಚ್ಚು. ಸಾಲದ ಮೇಜಿನ ಮುಂದೆ ಮಾತ್ರ ಅದು ದುಡಿಮೆಯೇ ಅಲ್ಲ. 'ಐಟಿ ರಿಟರ್ನ್ಸ್ ಇದೆಯೇನಮ್ಮ?' ಗಿರಾಕಿಗಳು ನೋಟು ಕೊಡುತ್ತಾರೆ, ನಾನು ಡಬ್ಬಿಗೆ ಹಾಕುತ್ತೇನೆ. ಡಬ್ಬಿ ಎಲ್ಲಿಯ ರಿಟರ್ನ್ಸ್ ಸಲ್ಲಿಸೀತು? ಕೊನೆಗೆ ಅವರ ಸಂಬಳವೊಂದನ್ನೇ ಹಿಡಿದರು. ಬೇಕಾದ ಕಾಗದಗಳನ್ನಾದರೂ ಒಂದೇ ಸಲ ಹೇಳಬಾರದೇ? ಒಂದು ದಿನ ಇ-ಖಾತೆ, ಇನ್ನೊಂದು ದಿನ ಮನೆಯ ಮೇಲೆ ಸಾಲ, ಅಡಮಾನ ಇದೆಯೇ ಎಂದು ತೋರಿಸುವ ಋಣಭಾರ ಪತ್ರ, ಮತ್ತೊಂದು ದಿನ ಕಂದಾಯದ ರಸೀದಿ. ಅದಕ್ಕೇ ಎರಡು ನಕ್ಷತ್ರ ಕಡಿಮೆ.

ಮನೆ ಹಳೆಯದು, 20×30, ಮಾತಾದದ್ದು 22 ಲಕ್ಷಕ್ಕೆ. ಬ್ಯಾಂಕು ಶೇಕಡಾ 90ರವರೆಗೆ ಕೊಡುತ್ತದೆ, 2.2 ಲಕ್ಷ ನಾವು ಹೊಂದಿಸಿದರೆ ಸಾಕು ಎಂದುಕೊಂಡಿದ್ದೆವು. ಮಾರುವವರು ಹೇಳಿದ್ದೇ ಬೇರೆ: ಕ್ರಯಪತ್ರದಲ್ಲಿ 15 ಲಕ್ಷ, ಉಳಿದ 7 ನಗದಾಗಿ ಕೈಗೆ. ಬ್ಯಾಂಕು ನೋಡುವುದು ಪತ್ರದ ಬೆಲೆಯನ್ನು. ಆಗ ಸಾಲ ಹದಿಮೂರೂವರೆ ಲಕ್ಷಕ್ಕೆ ಇಳಿದು, ನಮ್ಮ ಕೈಯಿಂದ ಎಂಟೂವರೆ ಹೋಗಬೇಕು. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಬೇರೆ. ನೋಂದಣಿಯದು 2025ರ ಆಗಸ್ಟ್ ಕೊನೆಯಲ್ಲಿ ಶೇಕಡಾ 1ರಿಂದ 2ಕ್ಕೆ ಏರಿದೆ. ಅವಕ್ಕೆ ಸಾಲ ಸಿಗುವುದಿಲ್ಲ. ಆ ರಾತ್ರಿ ನನ್ನ ಬಳೆಗಳನ್ನು ತೂಗಿ ನೋಡಿದೆವು. ಸಾಲಲಿಲ್ಲ.

ಕೈಬಿಡುವ ಹೊತ್ತಿಗೆ ವಕೀಲರು ಕರೆಸಿದರು. ಋಣಭಾರ ಪತ್ರದಲ್ಲಿ ಏನೂ ಇರಲಿಲ್ಲ, ಖಾತೆಯೂ ಮಾರುವವರ ಹೆಸರಿಗೇ ಇತ್ತು. ಆದರೂ ಅವರು ವಂಶವೃಕ್ಷ ತರಿಸಿದ್ದರು. ಮನೆ ತೀರಿಹೋದ ತಂದೆಯದು, ವಿಲ್ ಇಲ್ಲ, ಹುಬ್ಬಳ್ಳಿಗೆ ಕೊಟ್ಟ ಒಬ್ಬ ಮಗಳಿದ್ದಾರೆ. 'ಅವರಿಗೂ ಸಮಪಾಲು. ಅವರ ಸಹಿ ಇಲ್ಲದೆ ಈ ಮನೆ ಕೊಂಡರೆ ನಾಳೆ ಕೋರ್ಟಿಗೆ ನೀವು ಅಲೆಯುತ್ತೀರಿ' ಎಂದರು. ಮಧ್ಯವರ್ತಿ ಈ ಮಾತೇ ಎತ್ತಿರಲಿಲ್ಲ, ಕಮಿಷನ್ ಮಾತ್ರ ಮುಂಗಡ ಕೇಳಿದ್ದ.

ಆ ತಂಗಿಗೆ ನಾನೇ ಫೋನ್ ಮಾಡಿದೆ. 'ಅಣ್ಣ ಹದಿನೈದು ಲಕ್ಷ ಅಂದಿದ್ದಾನೆ, ನಿಜವೇನಕ್ಕಾ?' ಎಂದರು. ಇಪ್ಪತ್ತೆರಡು ಎಂದೆ. ಸ್ವಲ್ಪ ಹೊತ್ತು ಮಾತಿರಲಿಲ್ಲ.

ಪತ್ರದಲ್ಲಿ 22 ಬರೆದರೆ ಮಾತ್ರ ಸಹಿ ಎಂದು ಅವರೇ ಹಟ ಹಿಡಿದಿದ್ದಾರೆ. ಶುಕ್ರವಾರ ಬರುತ್ತಾರೆ.