ಹಳೆಯ ಮನೆಯ ಮ್ಯೂಸಿಯಂನಲ್ಲಿ ಪಾಠ: ಗೈಡ್, ಪ್ರಶ್ನೆಹಾಳೆ, ವೇಷ, ಇಲ್ಲ ಒಂದೇ ಕೋಣೆ?

ಹಳೆಯ ಮನೆಯೊಂದನ್ನು ಹಾಗೇ ಉಳಿಸಿಕೊಂಡು ಮ್ಯೂಸಿಯಂ ಮಾಡಿರುತ್ತಾರಲ್ಲ, ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಲು ಬೇರೆಯದೇ ತಯಾರಿ ಬೇಕು. ಕೋಣೆಗಳು ಚಿಕ್ಕವು. ಬಾಗಿಲು ಕಿರಿದು. ಸಾಮಾನುಗಳು ಗಾಜಿನ ಪೆಟ್ಟಿಗೆಯಲ್ಲಿರುವುದಿಲ್ಲ, ಕೈಗೆ ಸಿಗುವ ದೂರದಲ್ಲೇ ಇರುತ್ತವೆ. ನಾನು ಇತಿಹಾಸ ಪಾಠ ಮಾಡುವವಳು. ಬೇರೆ ಬೇರೆ ತರಗತಿಗಳ ಜೊತೆ ಇಂಥ ಮನೆಗಳಲ್ಲಿ ಹಲವು ರೀತಿಯ ಪಾಠ ಮಾಡಿ ನೋಡಿದ್ದೇನೆ. ನನ್ನ ಮತ ಒಂದು ಕೋಣೆಯಲ್ಲಿ ಕೂತು ಮಾಡುವ ಪಾಠಕ್ಕೇ. ಯಾಕೆ ಅಂತ ಹೇಳುತ್ತೇನೆ.

ಎಲ್ಲರೂ ಮೊದಲು ಆರಿಸುವುದು ಗೈಡ್ ಜೊತೆ ಇಡೀ ಮನೆ ಸುತ್ತುವುದನ್ನು. ಒಳ್ಳೆಯ ಗೈಡ್ ಸಿಕ್ಕರೆ ಅದರ ಸುಖವೇ ಬೇರೆ. ಮನೆಯವರ ಕಥೆ, ಜಗಳ, ಸಾಲ ಎಲ್ಲ ಅವರಿಗೆ ಗೊತ್ತಿರುತ್ತದೆ. ಆದರೆ ಮಕ್ಕಳು ರೈಲಿನ ಡಬ್ಬಿಗಳಂತೆ ಸಾಲಾಗಿ ಸಾಗಬೇಕು. ಮುಂದಿರುವ ನಾಲ್ಕೈದು ಮಕ್ಕಳಿಗೆ ಸಾಮಾನು ಕಾಣುತ್ತದೆ, ಹಿಂದಿನವರಿಗೆ ಗೆಳೆಯರ ಬೆನ್ನು ಮಾತ್ರ. ಅವರು ಕೋಣೆಗೆ ಬರುವಷ್ಟರಲ್ಲಿ ಗೈಡ್ ಮುಂದಿನ ಕೋಣೆಯಲ್ಲಿರುತ್ತಾರೆ. ಆ ಮನೆಯಲ್ಲಿದ್ದವರ ಬಗ್ಗೆ ಮೊದಲೇ ಓದಿಕೊಂಡಿರುವ ದೊಡ್ಡ ಮಕ್ಕಳ ಚಿಕ್ಕ ಗುಂಪಿಗೆ ಇದು ಸರಿ. ಎಂಟು-ಒಂಬತ್ತು ವರ್ಷದವರಿಗೆ ಸುಮ್ನೆ ಕಾಲು ನೋವು.

ಪ್ರಶ್ನೆಹಾಳೆ ಕೊಟ್ಟಾಗ ಮಕ್ಕಳು ಚುರುಕಾಗುತ್ತಾರೆ, ನಿಜ. ಆದರೆ ಕಣ್ಣು ಸಾಮಾನಿನ ಮೇಲೆ ನಿಲ್ಲುವುದಿಲ್ಲ, ಪಕ್ಕದ ಫಲಕದ ಮೇಲೆ ಹೋಗುತ್ತದೆ. ಇಸವಿ ಸಿಕ್ಕಿತು, ಬರೆದುಕೊಂಡರು, ಓಡಿದರು. ಇದಕ್ಕೆ ಪರಿಹಾರ ಪ್ರಶ್ನೆಯಲ್ಲೇ ಇದೆ. ಫಲಕದಲ್ಲಿ ಉತ್ತರ ಇಲ್ಲದ ಪ್ರಶ್ನೆ ಕೇಳಬೇಕು. ಈ ಕೋಣೆಗೆ ರಾತ್ರಿ ಬೆಳಕು ಎಲ್ಲಿಂದ ಬರುತ್ತಿತ್ತು? ನೀರನ್ನು ಮೇಲಿನವರೆಗೆ ಯಾರು ಹೊತ್ತು ತರುತ್ತಿದ್ದರು? ಹೀಗೆ ಮೂರು ಪ್ರಶ್ನೆ ಸಾಕು, ಇಪ್ಪತ್ತು ಬೇಡ. ಪೆನ್ನಿನ ಬದಲು ಪೆನ್ಸಿಲ್ ಕೊಡಿ. ಹಳೆಯ ಬಟ್ಟೆ, ಕಾಗದದ ಮೇಲೆ ಶಾಯಿ ಬಿದ್ದರೆ ತೆಗೆಯುವುದು ಬಹಳ ಕಷ್ಟ.

ವೇಷ ಹಾಕಿಸಿ ಹಳೆಯ ಕಾಲದವರಂತೆ ಆಡಿಸುವುದು ಮಕ್ಕಳಿಗೆ ತುಂಬಾ ಇಷ್ಟ. ನನಗೆ ಅಷ್ಟಿಲ್ಲ. ಎಲ್ಲರಿಗೂ ಯಜಮಾನನೋ ಯಜಮಾನಿಯೋ ಆಗಬೇಕು. ದೊಡ್ಡ ಮನೆಗಳಲ್ಲಿ ಯಜಮಾನರಿಗಿಂತ ದುಡಿಯುವವರೇ ಜಾಸ್ತಿ ಇರುತ್ತಿದ್ದರು ಎಂಬುದು ಅಲ್ಲೇ ಮರೆಯಾಗುತ್ತದೆ. ಅಮೆರಿಕದ ಮೌಂಟ್ ವರ್ನನ್ ಜಾರ್ಜ್ ವಾಷಿಂಗ್ಟನ್ ಅವರ ಮನೆ. ಅವರು ತೀರಿಕೊಂಡ 1799ರಲ್ಲಿ ಆ ಎಸ್ಟೇಟಿನಲ್ಲಿ 317 ಗುಲಾಮರಿದ್ದರು. ಅಂಥವರ ಬದುಕನ್ನು ಮಕ್ಕಳಿಂದ ಅಭಿನಯ ಮಾಡಿಸುವುದು ನನ್ನ ಮಟ್ಟಿಗೆ ತಪ್ಪು. ಅದನ್ನು ಹೇಳಬೇಕು, ಓದಿಸಬೇಕು, ಆಟ ಮಾಡಬಾರದು. ಪಾತ್ರದ ಬದಲು ಕೆಲಸ ಕೊಟ್ಟರೆ ಪಾಠ ನಿಲ್ಲುತ್ತದೆ. ಹತ್ತು ಲೀಟರ್ ನೀರು ಅಂದರೆ ಹತ್ತು ಕಿಲೋ. ಅಂಗಳದಲ್ಲಿ ಅರ್ಧ ಬಕೆಟ್ ಹೊತ್ತು ನಾಲ್ಕು ಹೆಜ್ಜೆ ನಡೆದ ಹುಡುಗ ಒಳಗಿನ ಮೆಟ್ಟಿಲನ್ನು ನೋಡುವ ರೀತಿಯೇ ಬದಲಾಗುತ್ತದೆ.

ಈಗ ಒಂದು ಕೋಣೆಯ ಪಾಠ. ಹತ್ತು ಹನ್ನೆರಡು ಮಕ್ಕಳನ್ನು ಒಂದೇ ಕೋಣೆಯಲ್ಲಿ ನೆಲದ ಮೇಲೆ ಕೂರಿಸಿ. ಸ್ವಲ್ಪ ಹೊತ್ತು ಯಾರೂ ಮಾತಾಡಬಾರದು, ಬರೀ ನೋಡಬೇಕು. ಆಮೇಲೆ ಕಂಡದ್ದನ್ನು ಹೇಳಲಿ. ಮೊದಲು ಬರುವುದು ದೊಡ್ಡ ಮಂಚ, ಕನ್ನಡಿ. ನಂತರ ಶುರು ನೋಡಿ! ಹೊಸ್ತಿಲು ನಡುವೆ ಮಾತ್ರ ಸವೆದಿದೆ. ಮಂಚದ ಹಿಂದೆ ಇನ್ನೊಂದು ಚಿಕ್ಕ ಬಾಗಿಲಿದೆ. ಅದು ಯಾರಿಗೆ? ಕೆಲಸದವರು ಕಣ್ಣಿಗೆ ಬೀಳದೆ ಓಡಾಡಲು ಅಂಥ ಹಿಂಬಾಗಿಲು, ಹಿಂಮೆಟ್ಟಿಲುಗಳನ್ನು ಎಷ್ಟೋ ಸಿರಿವಂತರ ಮನೆಗಳಲ್ಲಿ ಕಟ್ಟುತ್ತಿದ್ದರು. ಇದನ್ನು ಮಕ್ಕಳೇ ಕಂಡುಹಿಡಿದಾಗ ನಾನು ವಿವರಿಸುವುದು ಬಹಳ ಕಡಿಮೆ.

ಎರಡು ವಿಷಯ ಮಾತ್ರ ನಾವೇ ಹೇಳಬೇಕಾಗುತ್ತದೆ. ಒಂದು, ಕತ್ತಲು. ಬಟ್ಟೆ, ಕಾಗದದ ಬಣ್ಣ ಬೆಳಕಿಗೆ ಮಾಸುತ್ತದೆ, ಹಾಗಾಗಿ ಅವುಗಳ ಮೇಲೆ ಸುಮಾರು 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳದಂತೆ ಮ್ಯೂಸಿಯಂಗಳು ನೋಡಿಕೊಳ್ಳುತ್ತವೆ. ಹಿಂದಿನವರು ಹಗಲಲ್ಲೂ ಮಬ್ಬಿನಲ್ಲೇ ಇದ್ದರು ಎಂದು ಮಕ್ಕಳು ತಿಳಿಯಬಾರದು. ಇನ್ನೊಂದು, ಮುಟ್ಟಬೇಡಿ ಎನ್ನುವುದು. ಬೈದು ಹೇಳುವ ಬದಲು ಕಾರಣ ಹೇಳಿ. ಕೈಯ ಎಣ್ಣೆ, ಬೆವರಿನ ಉಪ್ಪು ಲೋಹವನ್ನು ತಿನ್ನುತ್ತವೆ. ಮುಟ್ಟಲಿಕ್ಕೆಂದೇ ನಕಲು ಸಾಮಾನುಗಳ ಪೆಟ್ಟಿಗೆ ಕೆಲವು ಕಡೆ ಇರುತ್ತದೆ. ಇದ್ದರೆ ಬಿಡಲೇಬೇಡಿ.

ಕೋಣೆ ತುಂಬ ಸಾಮಾನು ಇರಬೇಕೆಂದೂ ಇಲ್ಲ. ಆಮ್ಸ್ಟರ್‌ಡ್ಯಾಮ್‌ನ ಆನ್ ಫ್ರಾಂಕ್ ಮನೆ 1960ರಲ್ಲಿ ಮ್ಯೂಸಿಯಂ ಆಯಿತು. ಎರಡನೇ ಮಹಾಯುದ್ಧದಲ್ಲಿ ನಾಜಿಗಳಿಂದ ತಪ್ಪಿಸಿಕೊಳ್ಳಲು ಯಹೂದಿ ಹುಡುಗಿ ಆನ್ ಮತ್ತು ಅವಳ ಮನೆಯವರು ಅಡಗಿದ್ದ ಕೋಣೆಗಳು ತಂದೆ ಓಟೋ ಫ್ರಾಂಕ್ ಅವರ ಇಚ್ಛೆಯಂತೆ ಇವತ್ತಿಗೂ ಖಾಲಿ. ಆದರೆ ಆನ್ ಮತ್ತು ಅಕ್ಕ ಮಾರ್ಗಾಟ್ ಎಷ್ಟೆಷ್ಟು ಬೆಳೆದರು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿದ ಗೋಡೆ ಹಾಗೇ ಇದೆ. ಒಂದು ಗೋಡೆಯಿಂದ ಎಷ್ಟು ಪಾಠ ಮಾಡಬಹುದು, ಅಲ್ವಾ?

ಒಂದು ಕೋಣೆಯ ಪಾಠಕ್ಕೂ ತೊಂದರೆಗಳಿವೆ. ಮನೆಯ ಉಳಿದ ಭಾಗ ತಪ್ಪಿಹೋಗುತ್ತದೆ. ಇಷ್ಟು ದೂರ ಬಂದು ಒಂದೇ ಕೋಣೆಯಾ ಎಂದು ಪೋಷಕರು ಕೇಳುತ್ತಾರೆ. ತರಗತಿ ದೊಡ್ಡದಾದರೆ ಗುಂಪು ಮಾಡಬೇಕು, ಜೊತೆಗೆ ಇನ್ನಿಬ್ಬರು ಶಿಕ್ಷಕರು ಬೇಕೇ ಬೇಕು. ನಾನು ಮುಂಚಿನ ವಾರವೇ ಮನೆಯ ನಕ್ಷೆಯನ್ನು ತರಗತಿಯಲ್ಲಿ ತೋರಿಸಿಬಿಡುತ್ತೇನೆ. ಕೊನೆಗೆ ಗೈಡ್ ಜೊತೆ ಒಂದು ಚಿಕ್ಕ ಸುತ್ತು ಹಾಕಿಸುತ್ತೇನೆ. ಆಗ ಆ ಸುತ್ತಿಗೂ ಬೆಲೆ ಬರುತ್ತದೆ, ಮಕ್ಕಳ ಬಳಿ ಪ್ರಶ್ನೆಗಳು ರೆಡಿ ಇರುತ್ತವೆ.

ಮ್ಯೂಸಿಯಂಗೆ ಫೋನ್ ಮಾಡುವಾಗ ಇಷ್ಟು ಕೇಳಿಕೊಳ್ಳಿ: ಒಂದು ಕೋಣೆಯಲ್ಲಿ ಎಷ್ಟು ಹೊತ್ತು ಕೂರಬಹುದು, ಎಷ್ಟು ಮಕ್ಕಳಿಗೆ ಒಪ್ಪಿಗೆ ಇದೆ, ಮುಟ್ಟುವ ಪೆಟ್ಟಿಗೆ ಇದೆಯಾ. ಹಾಗೇ ಯಾವ ಸಾಮಾನು ಆ ಮನೆಯದ್ದೇ, ಯಾವುದು ಅದೇ ಕಾಲದ್ದೆಂದು ಬೇರೆ ಕಡೆಯಿಂದ ತಂದಿಟ್ಟದ್ದು ಎಂದೂ ಕೇಳಿ. ಈ ಕೊನೆಯ ಪ್ರಶ್ನೆಯನ್ನು ಮಕ್ಕಳಿಂದಲೇ ಕೇಳಿಸಿದರೆ ಇನ್ನೂ ಒಳ್ಳೆಯದು.